ಕೆಲಗೇರಿ ಕೆರೆ ಕಡಲಲ್ಲ

ಧಾರವಾಡದ ಬಂಧುಗಳೇ, ಮುಂಬೈಯವರು ಗಿರಗಾಂವ್ ಚೌಪಾಟಿಯಲ್ಲಿ ಅಷ್ಟು ದೊಡ್ಡ ಗಣಪತಿಗಳನ್ನು ಕಡಲಿಗೆ ಬಿಡುತ್ತಾರಲ್ಲ, ನಾವು ಕೆಲಗೇರಿ ಕೆರೆಗೆ ಬಿಟ್ಟರೆ ಏನಾದೀತು ಎಂದು ಕೇಳುವವರಿದ್ದಾರೆ. ಕಡಲಿಗೂ ಅದರಿಂದ ಕೇಡು ಇದ್ದೇ ಇದೆ. ಆದರೆ ಕೆರೆಯ ಲೆಕ್ಕವೇ ಬೇರೆ. ಮುಂಬೈ ದಂಡೆಯ ನೀರನ್ನು ಉಬ್ಬರವಿಳಿತ ದಿನಕ್ಕೆರಡು ಸಲ ಎಳೆದಾಡುತ್ತದೆ. ಕೆರೆಗೆ ಬಿದ್ದದ್ದು ಹೊರಗೆ ಹೋಗಬೇಕಾದರೆ ಕೋಡಿ ಹರಿಯಬೇಕು. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಬೇಸಿಗೆಯ ಬಿಸಿಲು ಬರೀ ನೀರನ್ನು ಒಯ್ಯುತ್ತದೆ. ಬಣ್ಣದ ಸೀಸ, ಸಾಬೂನು ಪುಡಿಯ ರಂಜಕ, ಚರಂಡಿಯ ಹೊಲಸು ಅಲ್ಲೇ ಉಳಿಯುತ್ತವೆ. ಕೋಡಿ ಹರಿದಾಗಲೂ ಹೋಗುವುದು ಮೇಲಿನ ನೀರು, ಹೂಳಿನಲ್ಲಿ ಕೂತದ್ದಲ್ಲ.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಸಿಹಿನೀರಿನಲ್ಲಿ ಅರ್ಧ ಗ್ರಾಮೂ ಇರುವುದಿಲ್ಲ. ಕಡಲ ಮೀನು ನೀರು ಕುಡಿದು ಹೆಚ್ಚಿನ ಉಪ್ಪನ್ನು ಹೊರಹಾಕುತ್ತದೆ. ಕೆರೆಯ ಕಟ್ಲಾ, ರೋಹುಗಳ ಪಾಡು ತಿರುಗುಮುರುಗು: ನೀರು ತಾನಾಗಿ ಮೈಯೊಳಗೆ ನುಗ್ಗುತ್ತದೆ. ಅದನ್ನು ಮೂತ್ರವಾಗಿ ಚೆಲ್ಲುತ್ತಲೇ, ಅದರ ಜೊತೆ ಹೋಗುವ ಲವಣವನ್ನು ಕಿವಿರುಗಳಿಂದ ಹೀರಿ ತುಂಬಿಕೊಳ್ಳಬೇಕು. ಸೋಡಿಯಂ, ಕ್ಯಾಲ್ಸಿಯಂ ಬರುವ ಆ ದಾರಿಯಲ್ಲೇ ತಾಮ್ರ, ಸೀಸ, ಕ್ಯಾಡ್ಮಿಯಂ ಒಳಹೊಗುತ್ತವೆ. ಕಡಲಿನಲ್ಲಿ ಹೇರಳವಾಗಿರುವ ಲವಣಗಳು ಈ ಲೋಹಗಳಿಗೆ ಅಡ್ಡ ನಿಲ್ಲುತ್ತವೆ, ಕೆರೆಯಲ್ಲಿ ಆ ರಕ್ಷಣೆ ತೀರ ಕಡಿಮೆ. ನೀರಿನ ಮೇಲೆ ತೇಲುವ ಅಂತರಗಂಗೆ ಕಳೆಯದೂ ಇದೇ ಕತೆ. ನಮ್ಮ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ, ಗಂಗಾವಳಿಯಾಗಿ ಕಡಲಿಗೆ ಬೀಳುತ್ತದೆ. ಅಂಥ ಹೊಳೆಯ ಜೊತೆ ಕಡಲು ಮುಟ್ಟಿದ ಅಂತರಗಂಗೆ ಉಪ್ಪಿಗೆ ಸಾಯುತ್ತದೆ. ಕೆರೆಯಲ್ಲೋ, ಗಾಳಿ ತುಂಬಿ ಉಬ್ಬಿದ ತೊಟ್ಟುಗಳಿಂದ ಅದು ತೇಲುತ್ತ ಹೋಗಿ, ಚರಂಡಿ ನೀರಿನ ರಂಜಕ ಸಿಕ್ಕರೆ ಎರಡೇ ವಾರದಲ್ಲಿ ಇಮ್ಮಡಿಯಾಗಬಲ್ಲದು.

ಸಿಹಿನೀರಿನಲ್ಲಿ ಉಪ್ಪುನೀರಿಗಿಂತ ಹೆಚ್ಚು ಆಮ್ಲಜನಕ ಕರಗುತ್ತದೆಯಲ್ಲ ಎಂದು ತಿಳಿದವರು ಕೇಳಬಹುದು. ನಿಜ. ಆದರೆ ನೀರಿನ ಮೇಲೆ ಅಂತರಗಂಗೆಯ ಹಸಿರು ಹಾಸು ಮುಚ್ಚಿದರೆ ಗಾಳಿ ಸೋಕುವುದಿಲ್ಲ, ಬೆಳಕು ಇಳಿಯುವುದಿಲ್ಲ. ಕೊಳೆತ ಎಲೆ ಇದ್ದಬದ್ದ ಆಮ್ಲಜನಕವನ್ನೂ ತಿನ್ನುತ್ತದೆ. ಯಂತ್ರ ತಂದು ತೆಗೆಸಿದರಾಯಿತು ಎಂಬ ಮಾತೂ ಇದೆ. ತೆಗೆಸಲೇಬೇಕು. ಆದರೂ ಅಂತರಗಂಗೆಯ ಬೀಜ ಹೂಳಿನಲ್ಲಿ ಹತ್ತಾರು ವರ್ಷ ಜೀವ ಹಿಡಿದಿರುತ್ತದೆ, ಕೊಳಚೆ ಬರುತ್ತಿರುವವರೆಗೆ ಯಂತ್ರಕ್ಕೆ ಬಿಡುವಿಲ್ಲ.

ಆದ್ದರಿಂದ ಕೈಮುಗಿದು ಕೇಳುತ್ತೇನೆ: ಬಣ್ಣವಿಲ್ಲದ ಮಣ್ಣಿನ ಗಣಪನನ್ನು ತಂದು ಮನೆಯ ಬಕೆಟ್ಟಿನಲ್ಲಿ ಕರಗಿಸಿ, ಆ ನೀರನ್ನು ಗಿಡದ ಬುಡಕ್ಕೆ ಹಾಕಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿ ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯೇ ಹೇಳಿದೆ. ಕೆರೆದಂಡೆಯಲ್ಲಿ ಬಟ್ಟೆ, ಗಾಡಿ ತೊಳೆಯಬೇಡಿ. ನಿಮ್ಮ ಓಣಿಯ ಗಟಾರ ಎಲ್ಲಿಗೆ ಸೇರುತ್ತದೆಂದು ನಡೆದು ನೋಡಿ. ಕೆರೆಗೆ ಸೇರುತ್ತಿದ್ದರೆ ಓಣಿಯವರೆಲ್ಲ ಸಹಿ ಹಾಕಿ, ಮಳೆಗಾಲಕ್ಕೆ ಮೊದಲೇ ಮಹಾನಗರ ಪಾಲಿಕೆಗೆ ಅರ್ಜಿ ಕೊಡಿ.