ಕರಿ ಪರದೆಯ ಹಿಂದೆ ಏನಿದೆ ಅಂತ ಕೇಳುವ ಮೊದಲು...

ಮೊನ್ನೆ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದಾಗ ಡಿಗ್ರಿ ಕಾಲದ ಒಂದು ಗೈಡು ಸಿಕ್ಕಿತು. ಹತ್ತೊಂಬತ್ತನೇ ಶತಮಾನದ ಅಮೆರಿಕನ್ ಸಣ್ಣಕತೆಗಳಿಗೆ ಬರೆದದ್ದು. ಪ್ರತಿ ಕತೆಯ ಕೊನೆಗೂ ಒಂದು ಪಟ್ಟಿ. ಕಾಡು ಅಂದರೆ ಪಾಪ. ಗುಲಾಬಿ ರಿಬ್ಬನ್ ಅಂದರೆ ಮುಗ್ಧತೆ. ಕರಿ ಪರದೆ ಅಂದರೆ ಬಚ್ಚಿಟ್ಟ ಪಾಪ. ಗೋಡೆ ಅಂದರೆ ಒಂಟಿತನ. ಅದರ ಕೆಳಗೆ 'ನೀತಿ' ಅಂತ ಇನ್ನೆರಡು ಸಾಲು. ಪಕ್ಕದಲ್ಲಿ ನಾನೇ ಕೆಂಪು ಪೆನ್ನಿನಲ್ಲಿ 'ಇಂಪಾರ್ಟೆಂಟ್' ಅಂತ ಬರೆದು ಎರಡು ಗೆರೆ ಎಳೆದಿದ್ದೆ! ಆ ಪಟ್ಟಿ ಬಾಯಿಪಾಠ ಮಾಡಿ ಪಾಸೂ ಆದೆ. ಕತೆಗಳನ್ನು ಮಾತ್ರ ಓದಿರಲಿಲ್ಲ.

ನಾಚಿಕೆಯಾಗಿ ಈಗ ಓದಿದೆ. ಓದಿದ ಮೇಲೆ ಒಂದು ವಿಷಯ ತಲೆ ಕೊರೆಯುತ್ತಾ ಇದೆ. ಗೈಡಿನ ಪಟ್ಟಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಈ ಕತೆಗಳು ಯಾವ ಚಾಳಿಯ ಬಗ್ಗೆ ನಮ್ಮನ್ನು ಎಚ್ಚರಿಸುತ್ತವೋ, ಆ ಚಾಳಿಯನ್ನೇ ಗೈಡು ನನಗೆ ಕಲಿಸಿಬಿಟ್ಟಿತ್ತು.

ಹೇಗೆ ಅಂತೀರಾ? ನಥಾನಿಯಲ್ ಹಾಥಾರ್ನ್ ಬರೆದ ಕರಿ ಪರದೆಯ ಕತೆಯನ್ನೇ ತಗೊಳ್ಳಿ. 'ದಿ ಮಿನಿಸ್ಟರ್ಸ್ ಬ್ಲ್ಯಾಕ್ ವೇಲ್', 1836ರದ್ದು. ಮಿಲ್ಫರ್ಡ್ ಅನ್ನುವ ಊರಿನ ಪಾದ್ರಿ ಹೂಪರ್ ಒಂದು ಭಾನುವಾರ ಮುಖಕ್ಕೆ ಕರಿ ಬಟ್ಟೆ ಇಳಿಬಿಟ್ಟುಕೊಂಡು ಚರ್ಚಿಗೆ ಬರುತ್ತಾನೆ. ಬಾಯಿ, ಗಲ್ಲ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಯಾಕೆ ಅಂತ ಹೇಳುವುದಿಲ್ಲ. ಮದುವೆ ಆಗಬೇಕಿದ್ದ ಎಲಿಜಬೆತ್ ಕೇಳಿದರೂ ತೆಗೆಯುವುದಿಲ್ಲ. ಸಾಯುವಾಗಲೂ ತೆಗೆಯುವುದಿಲ್ಲ. ಪರದೆಯೊಂದನ್ನು ಬಿಟ್ಟರೆ ಅವನಲ್ಲಿ ಬದಲಾದದ್ದು ಏನೂ ಇಲ್ಲ. ಆದರೂ ಊರವರು ಅವನನ್ನು ಊಟಕ್ಕೆ ಕರೆಯುವುದು ಬಿಟ್ಟರು, ಮಕ್ಕಳು ಕಂಡರೆ ಓಡತೊಡಗಿದರು. ಏನೋ ಮಾಡಿರಬೇಕು, ಏನೋ ಮುಚ್ಚಿಡುತ್ತಿದ್ದಾನೆ ಅನ್ನುವ ಪಿಸುಮಾತು. ಕೊನೆಗೆ ಸಾವಿನ ಹಾಸಿಗೆಯಲ್ಲಿ ಅವನು ಹೇಳುವುದು ಇಷ್ಟೇ: ನನ್ನೊಬ್ಬನನ್ನು ನೋಡಿ ಯಾಕೆ ನಡುಗುತ್ತೀರಿ? ನನಗೆ ನಿಮ್ಮೆಲ್ಲರ ಮುಖದ ಮೇಲೂ ಪರದೆ ಕಾಣುತ್ತಿದೆ.

ತಮಾಷೆ ಏನು ಗೊತ್ತಾ? 1842ರಲ್ಲಿ ಎಡ್ಗರ್ ಅಲನ್ ಪೋ ಹಾಥಾರ್ನ್‌ನ ಸಂಕಲನಕ್ಕೆ ವಿಮರ್ಶೆ ಬರೆದ. ಪಾದ್ರಿ ಸಾಯುವಾಗ ಹೇಳಿದ ನೀತಿ ಮೇಲುಮೇಲಿನದು, ನಿಜವಾಗಿ ಅಲ್ಲೊಂದು ಘೋರ ಅಪರಾಧ ನಡೆದಿದೆ, ಅದಕ್ಕೂ ಪರದೆ ಬಂದ ದಿನವೇ ಶವಸಂಸ್ಕಾರವಾದ ಹುಡುಗಿಗೂ ಸಂಬಂಧವಿದೆ, ಸೂಕ್ಷ್ಮ ಬುದ್ಧಿಯವರಿಗಷ್ಟೇ ಇದು ಹೊಳೆಯುತ್ತದೆ ಅಂತ ಅವನ ಅಂಬೋಣ. ಪೋ ಎಷ್ಟು ದೊಡ್ಡ ಕತೆಗಾರನೇ ಆಗಿರಲಿ, ಆ ಕ್ಷಣ ಮಿಲ್ಫರ್ಡಿನ ಜಗಲಿ ಮೇಲೆ ಕೂತು ಪಿಸುಗುಟ್ಟುವವರ ಗುಂಪಿಗೆ ಸೇರಿಬಿಟ್ಟ ಅಂತ ನನಗನ್ನಿಸಿತು. ನಾನೂ ಸೇರಿದ್ದೆ, ಕೆಂಪು ಪೆನ್ನು ಹಿಡಿದುಕೊಂಡು.

ಇನ್ನೊಂದು ಸ್ವಾರಸ್ಯ. 1843ರಲ್ಲಿ ಜೇಮ್ಸ್ ರಸೆಲ್ ಲೊವೆಲ್ 'ದಿ ಪಯೊನೀರ್' ಅಂತ ಒಂದು ಮಾಸಪತ್ರಿಕೆ ಶುರು ಮಾಡಿದ. ಮೂರೇ ಸಂಚಿಕೆಗೆ ನಿಂತುಹೋಯಿತು (ನಮ್ಮ ಎಷ್ಟೋ ಬ್ಲಾಗುಗಳ ಹಾಗೆ!). ಆ ಮೂರರೊಳಗೇ ಎರಡು ದೊಡ್ಡ ಕತೆಗಳು ಬಂದವು. ಜನವರಿಯಲ್ಲಿ ಪೋನ 'ದಿ ಟೆಲ್-ಟೇಲ್ ಹಾರ್ಟ್', ಮಾರ್ಚಿನಲ್ಲಿ ಹಾಥಾರ್ನ್‌ನ 'ದಿ ಬರ್ತ್-ಮಾರ್ಕ್'. ಎರಡನ್ನೂ ಒಟ್ಟಿಗೆ ಓದಿ ನೋಡಿ. ಮೊದಲನೆಯದರಲ್ಲಿ ನಿರೂಪಕನಿಗೆ ಮುದುಕನ ಮೇಲೆ ದ್ವೇಷವಿಲ್ಲ, ಅವನ ದುಡ್ಡಿನ ಆಸೆಯೂ ಇಲ್ಲ. ಪೊರೆ ಬಂದ ಅವನ ಒಂದು ಕಣ್ಣು ಮಾತ್ರ ಹದ್ದಿನ ಕಣ್ಣಿನ ಹಾಗೆ ಕಾಣುತ್ತದೆ. ಅಷ್ಟಕ್ಕೇ ಕೊಲ್ಲುತ್ತಾನೆ. ಎರಡನೆಯದರಲ್ಲಿ ವಿಜ್ಞಾನಿ ಏಯ್ಲ್ಮರ್‌ಗೆ ಹೆಂಡತಿ ಜಾರ್ಜಿಯಾನಾಳ ಕೆನ್ನೆಯ ಮೇಲಿನ ಪುಟ್ಟ ಕೈಯಾಕಾರದ ಕೆಂಪು ಮಚ್ಚೆ. ಅವಳನ್ನು ಮೆಚ್ಚಿದ್ದ ಗಂಡಸರಿಗೆ ಅದು ಯಾವುದೋ ಯಕ್ಷಿಣಿ ಹುಟ್ಟಿದಾಗ ಮುಟ್ಟಿಹೋದ ಗುರುತು. ಹೊಟ್ಟೆಕಿಚ್ಚಿನ ಹೆಂಗಸರಿಗೆ ರಕ್ತ ಮೆತ್ತಿದ ಕೈ. ಮದುವೆಗೆ ಮೊದಲು ಏಯ್ಲ್ಮರ್ ಅದನ್ನು ಅಷ್ಟಾಗಿ ಗಮನಿಸಿರಲೇ ಇಲ್ಲ! ಆಮೇಲೆ ಒಂದು ದಿನ ಅವನು ಅದನ್ನು ಪಾಪ, ದುಃಖ, ಮುಪ್ಪು, ಸಾವುಗಳ ಸಂಕೇತ ಅಂತ ಆರಿಸಿಕೊಳ್ಳುತ್ತಾನೆ. 'ಆರಿಸಿಕೊಳ್ಳುತ್ತಾನೆ' ಅನ್ನುವ ಪದ ನನ್ನದಲ್ಲ, ಹಾಥಾರ್ನ್‌ನದೇ. ಮಚ್ಚೆ ತಾನಾಗಿ ಏನನ್ನೂ ಹೇಳಲಿಲ್ಲ, ಗಂಡ ಅದಕ್ಕೆ ಅರ್ಥ ಹಚ್ಚಿದ. ಹಚ್ಚಿದ ಅರ್ಥವನ್ನು ಅಳಿಸಲು ಹೋಗಿ ಹೆಂಡತಿಯನ್ನೇ ಕಳೆದುಕೊಂಡ. ಅವನ ಕೈಕೆಳಗಿನ ಕೆಲಸದವನು ಅಮಿನಡಾಬ್ ಮಾತ್ರ ಗೊಣಗುತ್ತಾನೆ, ಇವಳು ನನ್ನ ಹೆಂಡತಿಯಾಗಿದ್ದರೆ ನಾನು ಆ ಮಚ್ಚೆ ಬಿಟ್ಟುಕೊಡುತ್ತಿರಲಿಲ್ಲ ಅಂತ. ಗೈಡು ಈ ಅಮಿನಡಾಬನಿಗೆ ಕೊಟ್ಟ ಅರ್ಥ 'ಮನುಷ್ಯನ ಪಶುಗುಣ'. ಏನು ಹೇಳೋಣ!

ಇಷ್ಟೇ ಆಗಿದ್ದರೆ ಇದು ಬರೀ ಸಾಹಿತ್ಯದ ಚರ್ಚೆ, ಬಿಟ್ಟುಬಿಡಬಹುದಿತ್ತು. ಆದರೆ ಹಾಥಾರ್ನ್‌ನ ಊರು ಸೇಲಂ. ನಮ್ಮ ಪಕ್ಕದ ಸೇಲಂ ಅಲ್ಲ, ಮ್ಯಾಸಚೂಸೆಟ್ಸಿನದು. 1692ರಲ್ಲಿ ಅಲ್ಲಿ ಮಾಟಗಾತಿಯರೆಂದು ಜನರನ್ನು ವಿಚಾರಣೆಗೆ ಎಳೆದರು. 19 ಜನರನ್ನು ಗಲ್ಲಿಗೇರಿಸಿದರು, ಒಬ್ಬ ಮುದುಕನನ್ನು ಕಲ್ಲು ಹೇರಿ ಕೊಂದರು. ಅಲ್ಲಿ ನಡೆದ ಸಾಕ್ಷಿ ಎಂಥದ್ದು? ಇಂಥವಳ ಛಾಯಾರೂಪ ರಾತ್ರಿ ಬಂದು ನನ್ನನ್ನು ಹಿಂಸಿಸಿತು ಅಂತ ಯಾರಾದರೂ ಹೇಳಿದರೆ ಅದೂ ಸಾಕ್ಷಿ! ಆ ಹೊತ್ತಿಗೆ ಆಕೆ ತನ್ನ ಮನೆಯಲ್ಲಿ ನಿದ್ದೆ ಮಾಡುತ್ತಿದ್ದರೂ ಬಿಡುಗಡೆಯಿಲ್ಲ. ಹಾಗೆ ವಿಚಾರಣೆ ನಡೆಸಿದವರಲ್ಲಿ ಒಬ್ಬ ಜಾನ್ ಹಾಥಾರ್ನ್, ನಮ್ಮ ಕತೆಗಾರನ ಮುತ್ತಜ್ಜನ ಅಪ್ಪ. ಇನ್ನೊಬ್ಬ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೂಯಲ್ 1697ರಲ್ಲಿ ಬಾಸ್ಟನ್ನಿನ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು ತಪ್ಪೊಪ್ಪಿಕೊಂಡ. ಜಾನ್ ಹಾಥಾರ್ನ್ ಹಾಗೆ ಒಪ್ಪಿಕೊಂಡವನಲ್ಲ. ಆ ಲೆಕ್ಕ ಮೊಮ್ಮಗನ ಮೊಮ್ಮಗನ ತಲೆಗೆ ಬಂತು. ಪೂರ್ವಜರ ಕ್ರೌರ್ಯದ ನಾಚಿಕೆಯನ್ನು ತಾನು ಹೊತ್ತುಕೊಳ್ಳುತ್ತೇನೆ ಅಂತ 1850ರ 'ದಿ ಸ್ಕಾರ್ಲೆಟ್ ಲೆಟರ್' ಮುನ್ನುಡಿಯಲ್ಲಿ ಬರೆದುಕೊಂಡಿದ್ದಾನೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು 1835ರ 'ಯಂಗ್ ಗುಡ್‌ಮನ್ ಬ್ರೌನ್' ಓದಬೇಕು. ಬ್ರೌನ್ ಒಂದು ರಾತ್ರಿ ಹೆಂಡತಿಯನ್ನು ಬಿಟ್ಟು ಕಾಡಿಗೆ ಹೋಗುತ್ತಾನೆ. ಅಲ್ಲಿ ಸೈತಾನನ ಸಭೆ. ಊರಿನ ಪಾದ್ರಿ, ತನಗೆ ಪಾಠ ಹೇಳಿಕೊಟ್ಟ ಅಜ್ಜಿ, ಎಲ್ಲ ದೊಡ್ಡ ಮನುಷ್ಯರೂ ಅಲ್ಲೇ! ಆಕಾಶದಿಂದ ಒಂದು ಗುಲಾಬಿ ರಿಬ್ಬನ್ ತೇಲಿ ಬಂದು ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಹೆಂಡತಿಯ ರಿಬ್ಬನ್. ಅಲ್ಲಿಗೆ ಅವನ ಎಲ್ಲ ನಂಬಿಕೆಯೂ ಹೋಯಿತು.

ಇಲ್ಲಿ ಕನ್ನಡದ ಒಂದು ಮಾತು. ಆ ಹೆಂಡತಿಯ ಹೆಸರು ಫೇತ್. ನಾವಾದರೆ ಶ್ರದ್ಧಾ ಅನ್ನಬಹುದು. ಇಂಗ್ಲಿಷಿನಲ್ಲಿ ಬ್ರೌನ್ ಕೂಗಿಕೊಂಡಾಗ ಹೋದದ್ದು ಹೆಂಡತಿಯೋ ನಂಬಿಕೆಯೋ ತಿಳಿಯುವುದಿಲ್ಲ. ಕನ್ನಡದಲ್ಲಿ 'ಹೋದಳು' ಅನ್ನಬೇಕು, ಇಲ್ಲವೇ 'ಹೋಯಿತು' ಅನ್ನಬೇಕು. ಅನುವಾದ ಮಾಡುವವರಿಗೆ ಪಜೀತಿ. ಆದರೆ ಬ್ರೌನ್ ಮಾಡಿದ ತಪ್ಪೂ ಅದೇ ಅಲ್ಲವೇ? 'ಹೋದಳು' ಅನ್ನಬೇಕಾದವಳನ್ನು ಅವನು 'ಹೋಯಿತು' ಮಾಡಿಬಿಟ್ಟ. ಹೆಂಡತಿ ಮನುಷ್ಯಳಾಗಿ ಉಳಿಯದೆ ಒಂದು ಸಂಕೇತವಾಗಿಬಿಟ್ಟಳು.

ಬೆಳಗ್ಗೆ ಅವನು ಊರಿಗೆ ಬಂದಾಗ ಹೆಂಡತಿ ಖುಷಿಯಿಂದ ಓಡಿ ಬರುತ್ತಾಳೆ. ತಲೆಯಲ್ಲಿ ಗುಲಾಬಿ ರಿಬ್ಬನ್ ಇದೆ! ಕಾಡಿನಲ್ಲಿ ಅವನ ಕೈಗೆ ಸಿಕ್ಕಿದ್ದೇ ರಿಬ್ಬನ್. ಈ ಒಂದು ವಾಕ್ಯ ಗೈಡಿನಲ್ಲಿ ಇಲ್ಲವೇ ಇಲ್ಲ. ಅವನು ಒಂದು ನಿಮಿಷ ನಿಂತು ಯೋಚಿಸಿದ್ದರೆ ಸಾಕಿತ್ತು. ಯೋಚಿಸುವುದಿಲ್ಲ. ಮಾತಾಡಿಸದೆ ಮುಂದೆ ಹೋಗುತ್ತಾನೆ. ಸಾಯುವವರೆಗೂ ಎಲ್ಲರನ್ನೂ ಸಂಶಯದಿಂದ ನೋಡಿ, ಮುಖ ಗಂಟಿಕ್ಕಿಕೊಂಡೇ ಸಾಯುತ್ತಾನೆ. ಅವನಿಗೆ ಕಾಡಿನಲ್ಲಿ ಕಂಡವರಲ್ಲಿ ಮಾರ್ಥಾ ಕ್ಯಾರಿಯರ್ ಇದ್ದಾಳೆ. ಇದು 1692ರಲ್ಲಿ ನಿಜವಾಗಿ ಗಲ್ಲಿಗೇರಿದ ಹೆಂಗಸಿನ ಹೆಸರು. ಅಂದರೆ ಮುತ್ತಜ್ಜನ ಅಪ್ಪ ಕೋರ್ಟಿನಲ್ಲಿ ಮಾಡಿದ್ದನ್ನೇ ಬ್ರೌನ್ ಮನಸ್ಸಿನಲ್ಲಿ ಮಾಡಿದ. ಛಾಯೆ ನೋಡಿ ತೀರ್ಪು ಕೊಟ್ಟ. ಅಮೆರಿಕದ ವಿಮರ್ಶಕರು ಈ ನಂಟನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ, ನನ್ನ ಶೋಧವೇನಲ್ಲ. ಗೈಡು ಬರೆದವರಿಗೆ ಮಾತ್ರ ತಲುಪಿರಲಿಲ್ಲ.

ಹಾಥಾರ್ನ್ ಕತೆಗಳಲ್ಲಿ ನೇರವಾದ ರೂಪಕ ಇಲ್ಲವೇ ಅಂತ ನೀವು ಕೇಳಬಹುದು. ಖಂಡಿತ ಇದೆ. ಹೆಂಡತಿಗೆ ಫೇತ್ ಅಂತ ಹೆಸರಿಟ್ಟವನನ್ನು ಹೇಗೆ ಸಮರ್ಥಿಸುವುದು? 1847ರಲ್ಲಿ ಪೋ ಇದೇ ಕಾರಣಕ್ಕೆ ಅವನನ್ನು ಜಾಡಿಸಿದ, ರೂಪಕದ ಹುಚ್ಚು ಜಾಸ್ತಿಯಾಯಿತು ಅಂತ. ಒಪ್ಪುತ್ತೇನೆ. ಆದರೆ ಒಳ್ಳೆಯ ಕತೆಗಳಲ್ಲಿ ಹಾಥಾರ್ನ್ ಸಂಕೇತವನ್ನು ನಮ್ಮ ಕೈಗೆ ಕೊಟ್ಟು, ನಾವು ಅದನ್ನು ಏನು ಮಾಡುತ್ತೇವೆ ಅಂತ ನೋಡುತ್ತಾ ಕೂರುತ್ತಾನೆ. ನೀತಿ ಇರುವುದು ನಾವು ಏನು ಮಾಡುತ್ತೇವೆ ಅನ್ನುವುದರಲ್ಲಿ.

ಹರ್ಮನ್ ಮೆಲ್ವಿಲ್ ಇದನ್ನು ವಾಲ್ ಸ್ಟ್ರೀಟಿಗೆ ತಂದ, 1853ರ 'ಬಾರ್ಟ್ಲ್‌ಬಿ'ಯಲ್ಲಿ. ನಕಲು ಬರೆಯುವ ಗುಮಾಸ್ತ ಒಂದು ದಿನ ಕೆಲಸಕ್ಕೆ ಮೆತ್ತಗೆ ಬೇಡ ಅನ್ನುತ್ತಾನೆ. ಆಮೇಲೆ ಎಲ್ಲಕ್ಕೂ ಬೇಡ. ಕಿಟಕಿಯಾಚೆಯ ಗೋಡೆ ನೋಡುತ್ತಾ ನಿಂತುಬಿಡುತ್ತಾನೆ. ವಕೀಲ ಯಜಮಾನ ಕೆಟ್ಟವನಲ್ಲ. ಕನಿಕರಪಡುತ್ತಾನೆ, ತತ್ವಶಾಸ್ತ್ರದ ಪುಸ್ತಕ ಓದುತ್ತಾನೆ, ಇವನನ್ನು ದೇವರೇ ನನ್ನ ಬಳಿ ಕಳಿಸಿದ್ದಾನೆ ಅಂತ ಅರ್ಥವನ್ನೂ ಕಂಡುಕೊಳ್ಳುತ್ತಾನೆ. ಆದರೆ ಸಹೋದ್ಯೋಗಿಗಳು ಆಡಿಕೊಳ್ಳತೊಡಗಿದ ಕೂಡಲೇ ಆಫೀಸನ್ನೇ ಬೇರೆಡೆಗೆ ಸಾಗಿಸುತ್ತಾನೆ. ಬಾರ್ಟ್ಲ್‌ಬಿ ಜೈಲಿನಲ್ಲಿ ಊಟ ಬಿಟ್ಟು ಸಾಯುತ್ತಾನೆ.

ಓದಿ ಮುಗಿಸಿದಾಗ ನಮ್ಮ ಹಳೇ ಆಫೀಸಿನ ಒಬ್ಬ ಹುಡುಗ ನೆನಪಾದ. ಯಾರೊಂದಿಗೂ ಸೇರುತ್ತಿರಲಿಲ್ಲ, ಡಬ್ಬಿ ತೆಗೆದು ಒಬ್ಬನೇ ಊಟ ಮಾಡುತ್ತಿದ್ದ. ಒಬ್ಬರು ಜಂಭ ಅಂದರು, ಇನ್ನೊಬ್ಬರು ಲವ್ ಫೇಲ್ಯೂರ್ ಅಂದರು. ನಾನು 'ಏನೋ ಮುಚ್ಚಿಡ್ತಿದಾನೆ' ಅಂದಿದ್ದೆ. ಏಳೆಂಟು ತಿಂಗಳ ಮೇಲೆ ಕೆಲಸ ಬಿಟ್ಟು ಹೋದ. ಕಾರಣ ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ದಿನದಲ್ಲಿ ನಾನು ನನ್ನ ಡಬ್ಬಿ ತಗೊಂಡು ಹೋಗಿ ಅವನ ಎದುರು ಕೂತಿದ್ದು ಒಂದು ದಿನವೂ ಇಲ್ಲ.

ಗೈಡನ್ನು ರದ್ದಿಗೆ ಹಾಕಿಲ್ಲ. ಆ ಕೆಂಪು ಪೆನ್ನಿನ ಗೆರೆಗಳನ್ನು ಆಗಾಗ ನೋಡಬೇಕು ಅನ್ನಿಸಿತು. ನೀವು ಈ ಕತೆಗಳನ್ನು ಓದಿದ್ದರೆ, ನಿಮಗೇನನ್ನಿಸಿತು ಹೇಳಿ. ಓದಿಲ್ಲದಿದ್ದರೆ ದಯವಿಟ್ಟು ಗೈಡಿನಿಂದ ಶುರು ಮಾಡಬೇಡಿ.