ಲಕ್ಕಮ್ಮನ ಅಕ್ಕಿ, ನಮ್ಮ ಮಕ್ಕಳ ಅಂಕ



2025ರಲ್ಲಿ ಏಪ್ರಿಲ್ 30ಕ್ಕೆ ಬಸವ ಜಯಂತಿ ಬಂತು. ಮೇ 2ಕ್ಕೆ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂತು. ಜಯಂತಿಯ ಬ್ಯಾನರು ಇಳಿಸುವ ಮೊದಲೇ ಅದರ ಮಗ್ಗುಲಲ್ಲಿ ಮಕ್ಕಳ ಫೋಟೋ, ಅಂಕ, ಶುಭ ಕೋರುವವರ ಸಾಲು ಇರುವ ಇನ್ನೊಂದು ಬ್ಯಾನರು ಊರೂರಲ್ಲಿ ಏರಿತು. ಅಂಥದೇ ಒಂದು ಸತ್ಕಾರಕ್ಕೆ ಮೇ ತಿಂಗಳ ನಡುವೆ ನಾನು ಕುಲಗೋಡಕ್ಕೆ ಹೋಗಿದ್ದೆ. ಮೂಡಲಗಿ ಈಗ ಬೇರೆ ತಾಲ್ಲೂಕು. ಆದರೂ ನಮ್ಮ ವಯಸ್ಸಿನವರ ಬಾಯಲ್ಲಿ ಕುಲಗೋಡ ಇನ್ನೂ ಗೋಕಾಕ ತಾಲ್ಲೂಕೇ.

ಶಾಲು, ಹಾರ, ಭಾಷಣಗಳ ವಿಷಯ ಬರೆಯುವುದಿಲ್ಲ. ಎಲ್ಲ ಕಡೆಯೂ ಅವು ಒಂದೇ. ನಾನು ಹೋದದ್ದು ಒಂದು ಪ್ರಶ್ನೆ ಇಟ್ಟುಕೊಂಡು. ಈ ಮಕ್ಕಳು ಇಷ್ಟು ಅಂಕ ತಂದದ್ದು ಹೇಗೆ? ವೇದಿಕೆಯ ಮೇಲೆ ಕೇಳಿದರೆ ಎಲ್ಲರೂ ‘ಗುರುಗಳ ಆಶೀರ್ವಾದ, ತಂದೆ ತಾಯಿಯ ಪ್ರೋತ್ಸಾಹ’ ಎನ್ನುತ್ತಾರೆ. ಆದ್ದರಿಂದ ಪ್ರಸಾದದ ಹೊತ್ತಿಗೆ ಒಬ್ಬ ಹುಡುಗಿಯ ಪಂಕ್ತಿಯಲ್ಲೇ ಕುಳಿತೆ. ಅವಳಿಗೆ ಆರು ನೂರರ ಮೇಲೆ ಬಂದಿದೆ. ತಂದೆಗೆ ಎರಡು ಎಕರೆ ಕಬ್ಬು. ಪಂಪಿಗೆ ತ್ರೀಫೇಸ್ ಕರೆಂಟು ಬರುವುದು ಅಪರಾತ್ರಿಯಲ್ಲಿ. ನೀರು ಬಿಡಲು ತಂದೆ ಎದ್ದು ಹೊರಟಾಗ ಮಗಳೂ ಏಳುತ್ತಿದ್ದಳು. ಅಲಾರಾಂ ಬೇಕಾಗಲಿಲ್ಲ.

ಅವಳ ಬಳಿ ಒಂದು ದಪ್ಪ ನೋಟುಬುಕ್ ಇತ್ತು. ಅದರಲ್ಲಿ ಸರಿಯುತ್ತರ ಒಂದೂ ಇಲ್ಲ. ಹಳೆಯ ಪ್ರಶ್ನೆಪತ್ರಿಕೆ, ಮಂಡಳಿಯ ಮಾದರಿ ಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಮೂರು ಗಂಟೆ ಹದಿನೈದು ನಿಮಿಷದಲ್ಲಿ ಬರೆದು, ತಪ್ಪಾದದ್ದನ್ನು ಮಾತ್ರ ಆ ಪುಸ್ತಕಕ್ಕೆ ಇಳಿಸಿದ್ದಾಳೆ. ಥೇಲ್ಸ್ ಪ್ರಮೇಯದ ಸಾಧನೆಯಲ್ಲಿ ಒಂದೇ ಹಂತವನ್ನು ಐದು ಸಲ ಬಿಟ್ಟಿದ್ದಾಳೆ. ಐದೂ ಸಲ ತಾರೀಖು ಹಾಕಿ ಬರೆದಿದ್ದಾಳೆ. ಆರನೆಯ ಸಲ ಬಿಡಲಿಲ್ಲ. ಡಿಸೆಂಬರಿನಲ್ಲಿ ಪುಟಕ್ಕೆ ಹತ್ತು ತಪ್ಪಿದ್ದದ್ದು ಮಾರ್ಚಿಗೆ ಒಂದೆರಡಕ್ಕೆ ಬಂದಿದೆ. ತನ್ನ ತಪ್ಪನ್ನು ತಾನೇ ಹೀಗೆ ಬರೆದಿಡುವುದು ಸಣ್ಣ ಕೆಲಸವಲ್ಲ. ಅರವತ್ತು ದಾಟಿದ ನಮಗೂ ಅದು ಸುಲಭಕ್ಕೆ ಆಗುವುದಿಲ್ಲ.

ಅವಳ ತಾಯಿಯನ್ನೂ ಮಾತಾಡಿಸಿದೆ. ‘ನನಗ ಅಕ್ಷರ ಬರೂದಿಲ್ಲರಿ ಅಣ್ಣಾರ. ನಾ ರೊಟ್ಟಿ ಬಡಿಯುವಾಗ ಅಕಿ ಬಾಜೂಕ ಕುಂತು ಬಾಯಿಲೆ ಒಪ್ಪಸ್ತಿದ್ಲು. ತಿಳೀಲಿಕ್ಕಿಲ್ಲ, ಖರೆ ಎಲ್ಲಿ ತಡವರಸ್ತಾಳ ಅನ್ನೂದು ಗೊತ್ತಾಕ್ಕಿತ್ತು. ಅಲ್ಲೇ ಇನ್ನೊಮ್ಮೆ ಹೇಳ ಅಂತಿದ್ದೆ’ ಎಂದರು. ಇದು ಕುಲಗೋಡ. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ತಮ್ಮಣ್ಣನ ಊರು. ರಾತ್ರಿಯಿಡೀ ನಡೆಯುವ ಆಟವನ್ನು ಬಾಯಿಯಿಂದ ಬಾಯಿಗೆ ಕಲಿತು ಒಪ್ಪಿಸಿದ ಸೀಮೆಯಲ್ಲಿ, ಓದುಬರಹ ಇಲ್ಲದ ತಾಯಿಯೂ ತಡವರಿಕೆಯನ್ನು ಹಿಡಿಯಬಲ್ಲಳು. ಮಗುವಿಗೆ ಪಾಠ ಹೇಳಲು ನಮಗೆ ಬರುವುದಿಲ್ಲ ಎಂದು ಕೈಚೆಲ್ಲುವ ತಂದೆತಾಯಿಗಳು ಈ ಮಾತನ್ನು ಕೇಳಬೇಕು.

ಶಿಕ್ಷಕರ ಪಾಲೂ ಇದೆ. ಸಂಜೆಯ ವಿಶೇಷ ತರಗತಿ, ಮನೆಮನೆ ಭೇಟಿ, ಮಕ್ಕಳನ್ನು ಹಂಚಿಕೊಂಡು ದತ್ತು ತೆಗೆದುಕೊಳ್ಳುವುದು, ಬೆಳಗಿನ ಐದಕ್ಕೆ ಫೋನ್ ಮಾಡಿ ಎಬ್ಬಿಸುವುದು, ಇವೆಲ್ಲ ನಮ್ಮ ಸರಕಾರಿ ಶಾಲೆಗಳಲ್ಲಿ ಈಗ ರೂಢಿ. ಫೋನ್ ಎಂದೆ. ಆ ಹುಡುಗಿಯ ಮನೆಯ ಮೊಬೈಲು ಆ ಒಂದು ಕರೆಗಾಗಿ ಮಾತ್ರ ಅಜ್ಜಿಯ ಟ್ರಂಕಿನಿಂದ ಹೊರಬರುತ್ತಿತ್ತಂತೆ!

ನಮ್ಮ ಪಕ್ಕದ ಮುಧೋಳ ತಾಲ್ಲೂಕಿನ ಉದಾಹರಣೆಯೂ ಕಣ್ಣೆದುರಿಗಿದೆ. 2024ರಲ್ಲಿ ಇಡೀ ರಾಜ್ಯದಲ್ಲಿ 625ಕ್ಕೆ 625 ಬಂದದ್ದು ಒಬ್ಬಳಿಗೇ. ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಓದಿದ ರೈತನ ಮಗಳು. ಬೆಂಗಳೂರಿನ ದುಬಾರಿ ಶಾಲೆಯವಳಲ್ಲ, ಟ್ಯೂಷನ್ನಿಗೆ ಲಕ್ಷ ಸುರಿದವಳಲ್ಲ. ಊಟ, ವಸತಿ, ಪುಸ್ತಕ ಕೊಟ್ಟು ಓದಲು ಹೊತ್ತು ಕೊಟ್ಟರೆ ನಮ್ಮ ಮಣ್ಣಿನ ಮಗು ಎಲ್ಲಿಗೆ ಮುಟ್ಟೀತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಬರೆದುಕೊಟ್ಟದ್ದು, 1916ರಲ್ಲಿ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದ್ದು, ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದನಿಲಯ ನಡೆಸಿದ್ದು ಇದೇ ನಂಬಿಗೆಯಿಂದ.

ಆದರೆ ಅಂಕದ ಬಗ್ಗೆ ಒಂದು ಕಹಿ ಮಾತನ್ನೂ ಆಡಬೇಕಾಗಿದೆ. ಪೂರ್ಣ 625 ಪಡೆದವರ ಲೆಕ್ಕ ನೋಡಿ. ಕೊರೊನಾ ಕಾಲದ 2021ರಲ್ಲಿ, ಎರಡೇ ದಿನ ಬಹುಆಯ್ಕೆ ಪ್ರಶ್ನೆ ಕೊಟ್ಟಾಗ, 157 ಮಕ್ಕಳು. 2022ರಲ್ಲಿ 145. 2023ರಲ್ಲಿ ನಾಲ್ವರು. 2024ರಲ್ಲಿ ಒಬ್ಬಳು. 2025ರಲ್ಲಿ 22. ಮಕ್ಕಳ ಬುದ್ಧಿ ವರ್ಷದಿಂದ ವರ್ಷಕ್ಕೆ ಹೀಗೆ ಏರಿಳಿಯುವುದಿಲ್ಲ, ಏರಿಳಿದದ್ದು ಪ್ರಶ್ನೆಪತ್ರಿಕೆ ಮತ್ತು ಕಾವಲು. (ಪ್ರಥಮ ಭಾಷೆ ಕನ್ನಡದ ಪ್ರಬಂಧಕ್ಕೂ ಪೂರ್ಣ ಅಂಕ ಹೇಗೆ ಬರುತ್ತದೆಂಬುದು ನನಗೆ ಇನ್ನೂ ಬಗೆಹರಿದಿಲ್ಲ. ಅದು ಬೇರೆ ಮಾತು.) 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ! 2025ರಲ್ಲಿ ಆ ಹೆಚ್ಚಿನ ಕೃಪಾಂಕ ಇರಲಿಲ್ಲ. ಶಾಲೆಯಿಂದ ಕುಳಿತ ಮಕ್ಕಳಲ್ಲಿ ತೇರ್ಗಡೆಯಾದವರು ಶೇ. 66.14.

ಕ್ಯಾಮೆರಾ ಬಂದ ಮೇಲೆ ಇಳಿದ ಆ ಅಂಕಗಳು ಅಲ್ಲಿಯವರೆಗೆ ಯಾರವಾಗಿದ್ದವು?

ಉತ್ತರ ನನಗೆ ಗೊತ್ತು. ಯಾಕೆಂದರೆ ನಾನೂ ಅದನ್ನು ತಿಂದವನು. ನಾಲ್ಕು ದಶಕದ ಹಿಂದೆ ನಾನು ಎಸ್.ಎಸ್.ಎಲ್.ಸಿ. ಬರೆದ ಕೇಂದ್ರದಲ್ಲಿ ಗಣಿತದ ದಿನ ಕಿಟಕಿಯಿಂದ ಚೀಟಿ ಬಂತು. ನಾನು ಕೇಳಿರಲಿಲ್ಲ, ಆದರೆ ಬಂದದ್ದನ್ನು ಬಿಡಲೂ ಇಲ್ಲ. ಪಾಸಾದೆ. ಮನೆಯಲ್ಲಿ ಪೇಢೆ ಹಂಚಿದರು. ಇಂದಿಗೂ ಬಡ್ಡಿಯ ಲೆಕ್ಕ ಹಾಕಬೇಕಾದರೆ ಮಗನನ್ನು ಕರೆಯುತ್ತೇನೆ. ಇದನ್ನು ಈ ಪುಟದಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಆ ಹುಡುಗಿಯ ತಪ್ಪುಗಳ ಪುಸ್ತಕ ನೋಡಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಆಯ್ದಕ್ಕಿ ಮಾರಯ್ಯ ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ತಿರುಗಿ ಕಳಿಸಿದ ಕಥೆ ನಮಗೆಲ್ಲ ಬಾಯಿಪಾಠ. ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ. ಅದೇ ನಾವು ಮಾರ್ಚ್ ತಿಂಗಳಲ್ಲಿ ಪರೀಕ್ಷಾ ಕೇಂದ್ರದ ಕಂಪೌಂಡಿನ ಹೊರಗೆ ನಿಂತು, ಒಳಗೆ ‘ಸಡಿಲ’ ಇದೆಯೋ ‘ಬಿಗಿ’ ಇದೆಯೋ ಎಂದು ವಿಚಾರಿಸುತ್ತೇವೆ. ಸಡಿಲ ಇದ್ದರೆ ಸಮಾಧಾನ. ಲಕ್ಕಮ್ಮ ಗಂಡನಿಗೆ ಹೇಳಿದ್ದನ್ನು ನಾವು ಮಕ್ಕಳಿಗೆ ಹೇಳಿದ್ದೇವೆಯೇ?

ಇನ್ನು ಆ ಸಂಜೆಯ ಕೊನೆಯ ಸಂಗತಿ. ಪಂಕ್ತಿಯಲ್ಲಿ ಹುಗ್ಗಿ ಬಡಿಸುತ್ತಿದ್ದ ಹುಡುಗನನ್ನು, ‘ನೀನು ಎಷ್ಟನೇತ್ತಾ ತಮ್ಮಾ?’ ಎಂದು ಕೇಳಿದೆ. ‘ಇದೇ ಬರದಿನ್ರಿ ಕಾಕಾರ. ಗಣಿತದಾಗ ಹೋತು’ ಎಂದು ಬಕೆಟ್ ಹಿಡಿದು ಮುಂದೆ ಹೋದ. ಸತ್ಕಾರ ಪಡೆದವರ ಓರಗೆಯವನೇ, ಅದೇ ಬೆಂಚಿನವನು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಹಿಂದೆ ತಿರುಗಿ ಎರಡು ತಿಂಗಳು ಶಾಲೆ ತಪ್ಪಿಸಿದ್ದನಂತೆ. ಅವನನ್ನು ಯಾರೂ ಮಾತಾಡಿಸಿರಲಿಲ್ಲ. ಮುಂದೇನು ಎಂದರೆ, ‘ಟ್ರ್ಯಾಕ್ಟರ್ ಹೊಡಿಯೂದ್ರಿ’ ಎಂದ. ಹುಡುಗರಿಗೆ ಟ್ರ್ಯಾಕ್ಟರಾದರೂ ಇದೆ. ಹೀಗೆ ಒಂದು ವಿಷಯದಲ್ಲಿ ಹೋದ ಹೆಣ್ಣುಮಗಳಿಗೆ ನಮ್ಮ ಕಡೆ ವರ ಹುಡುಕಲು ಶುರುಮಾಡುತ್ತಾರೆ. ಹದಿನೆಂಟು ತುಂಬಿದೆಯೇ ಎಂದು ಕೇಳುವವರೂ ಇರುವುದಿಲ್ಲ.

2024ರಿಂದ ಪೂರಕ ಪರೀಕ್ಷೆ ಎಂಬ ಹೆಸರೇ ಹೋಗಿದೆ. 2024, 2025ರಲ್ಲಿ ಪರೀಕ್ಷೆ-1, 2, 3 ಎಂದು ಮೂರು ಅವಕಾಶ ಇದ್ದವು, ಹೆಚ್ಚು ಬಂದ ಅಂಕವೇ ಉಳಿಯುತ್ತಿತ್ತು. ಇದು ಒಳ್ಳೆಯ ಏರ್ಪಾಡು. 2025ರಲ್ಲಿ ಪರೀಕ್ಷೆ-2 ಮೇ ಕೊನೆಯಲ್ಲಿ ಶುರುವಾಯಿತು, ಪರೀಕ್ಷೆ-3 ಜುಲೈನಲ್ಲಿ. ಆದರೆ ಇದು ತಿಳಿದಿರುವುದು ಅಂಕ ಇನ್ನಷ್ಟು ಹೆಚ್ಚಿಸಿಕೊಳ್ಳಬೇಕೆನ್ನುವ ಮನೆಗಳಿಗೆ. ಹುಗ್ಗಿ ಬಡಿಸುವ ಹುಡುಗನ ಮನೆಗೆ ತಿಳಿದಿಲ್ಲ, ತಿಳಿದರೂ ಅವನಿಗೆ ಕುಳಿತು ಓದುವ ಜಾಗವಿಲ್ಲ, ಪ್ರಮೇಯ ತಿದ್ದುವವರಿಲ್ಲ.

ಜಾಗ ನಮ್ಮಲ್ಲಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಮಠವಿಲ್ಲದ ದೊಡ್ಡ ಊರು ಅಪರೂಪ. ಜಾತ್ರೆ ಮುಗಿದ ಮೇಲೆ ದಾಸೋಹದ ಕೋಣೆಗಳು ಬೀಗ ಹಾಕಿಕೊಂಡಿರುತ್ತವೆ. ಒಂದು ಫ್ಯಾನು, ಒಂದು ಕರಿಹಲಗೆ, ನಿವೃತ್ತ ಗಣಿತ ಮಾಸ್ತರರೊಬ್ಬರು, ಸಂಜೆಗೊಂದಿಷ್ಟು ಅವಲಕ್ಕಿ, ಅಷ್ಟೇ ಬೇಕಾದದ್ದು. ಕುಲಗೋಡದಲ್ಲಿ ಈ ಮಾತು ಎತ್ತಿದಾಗ ಹಿರಿಯರು ಹೂಂ ಎಂದರು. ಸತ್ಕಾರ ಪಡೆದ ಆ ಹುಡುಗಿ ಮಾತ್ರ ತನ್ನ ತಪ್ಪುಗಳ ನೋಟುಬುಕ್ಕನ್ನು ಆ ಹುಡುಗನಿಗೆ ಅಲ್ಲಿಯೇ ಕೊಟ್ಟಳು. ತಿರುಗಿ ಕೊಡಬೇಕೆಂದು ಎರಡು ಸಲ ಹೇಳಿದಳು.

ಮಠಗಳ ಪೂಜ್ಯರಲ್ಲಿ, ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಈ ಸಂಚಿಕೆ ತಮ್ಮ ಕೈಸೇರಿದ ವಾರದಲ್ಲಿ ನಿಮ್ಮೂರಿನ ಮುಖ್ಯೋಪಾಧ್ಯಾಯರನ್ನು ಕಂಡು, ಮತ್ತೆ ಪರೀಕ್ಷೆಗೆ ಕುಳಿತುಕೊಳ್ಳಬೇಕಾದ ಮಕ್ಕಳ ಪಟ್ಟಿ ಕೇಳಿ. ಪಟ್ಟಿಯಲ್ಲಿ ಯಾವ ಜಾತಿ ಎಂದು ನೋಡಬೇಡಿ. ಕೋಣೆ ತೆರೆದ ಮಠಗಳು ನಮಗೊಂದು ಕಾರ್ಡು ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಹೆಸರು ಹಾಕುತ್ತೇವೆ. ಸತ್ಕಾರದ ಫೋಟೋಗಳನ್ನು ಮಾತ್ರ ದಯವಿಟ್ಟು ಈ ಸಲ ಕಳಿಸಬೇಡಿ.