ಬಿಗಿಮುಷ್ಟಿಯ ನಾಯಕನಿಗೆ ಮತ ಬೀಳುವುದೇಕೆ?

ಕಾನೂನಿಗೆ ಸೊಪ್ಪುಹಾಕದ, ಟೀಕೆ ಸಹಿಸದ, ನ್ಯಾಯಾಲಯವನ್ನೂ ಬಗ್ಗಿಸಬಲ್ಲ ನಾಯಕನೊಬ್ಬ ಭಾರಿ ಬಹುಮತದಿಂದ ಗೆದ್ದಾಗಲೆಲ್ಲ ಓದಿಕೊಂಡವರ ಬಾಯಲ್ಲಿ ಬರುವ ಮೊದಲ ಮಾತು ‘ಜನ ಮರುಳಾಗಿದ್ದಾರೆ’ ಎಂಬುದು. ಹೇಳುವವರಿಗೆ ಇದರಿಂದ ಸಮಾಧಾನ ಸಿಗಬಹುದು, ಆದರೆ ನಡೆದದ್ದೇನೆಂಬುದು ಅರ್ಥವಾಗುವುದಿಲ್ಲ. ಇಂಥ ನಾಯಕರ ದೋಷಗಳು ಸಾಮಾನ್ಯವಾಗಿ ಊರಿಗೆಲ್ಲ ತಿಳಿದಿರುತ್ತವೆ, ಮತ ಹಾಕುವವರಿಗೂ ತಿಳಿದಿರುತ್ತವೆ. ತಿಳಿದೂ ಯಾಕೆ ಹಾಕುತ್ತಾರೆ ಎಂದು ಕೇಳಬೇಕು.

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಸುಮಾರು 60 ಲಕ್ಷ ಜನರ ಪುಟ್ಟ ದೇಶ. 2015ರಲ್ಲಿ ಅಲ್ಲಿ ಪ್ರತಿ ಲಕ್ಷ ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ಕೊಲೆಯಾದರು. ಎಂಎಸ್-13 ಮತ್ತು ಬಾರಿಯೊ 18 ಎಂಬ ಗ್ಯಾಂಗುಗಳು ಕೇರಿಕೇರಿಗಳನ್ನು ಹಂಚಿಕೊಂಡಿದ್ದವು. ಬಸ್ ಓಡಿಸುವವನಿಂದ ಹಿಡಿದು ರಸ್ತೆ ಬದಿಯಲ್ಲಿ ಪುಪುಸಾ ರೊಟ್ಟಿ ಸುಡುವ ಹೆಂಗಸಿನವರೆಗೆ ಎಲ್ಲರೂ ಅವರಿಗೆ ಹಫ್ತಾ ಕಟ್ಟಬೇಕಿತ್ತು. ಪಕ್ಕದ ಕೇರಿಗೆ ಕಾಲಿಟ್ಟವನನ್ನು ಗ್ಯಾಂಗಿನ ಹುಡುಗರು ತಡೆದು ಗುರುತಿನ ಚೀಟಿ ಕೇಳುತ್ತಿದ್ದರು. ಚೀಟಿಯಲ್ಲಿರುವ ವಿಳಾಸ ಎದುರಾಳಿ ಗ್ಯಾಂಗಿನ ಕೇರಿಯದಾಗಿದ್ದರೆ ಜೀವಕ್ಕೇ ಸಂಚಕಾರ.

ಅಲ್ಲಿ ಸಂವಿಧಾನ ಇರಲಿಲ್ಲವೆಂದಲ್ಲ. 1992ರ ಶಾಂತಿ ಒಪ್ಪಂದದ ನಂತರ ಚುನಾವಣೆಗಳು ತಪ್ಪದೆ ನಡೆದವು, ಅಧಿಕಾರ ಬಲಪಂಥದಿಂದ ಎಡಪಂಥಕ್ಕೂ ಹೋಯಿತು. ಆದರೆ ಬಲಪಂಥದ ಅಧ್ಯಕ್ಷ ಆಂಟೋನಿಯೊ ಸಾಕಾ ಸರ್ಕಾರದ ಹಣ ನುಂಗಿ ಜೈಲು ಸೇರಿದರು. ಎಡಪಂಥದ ಮೌರಿಸಿಯೊ ಫುನೆಸ್ ಭ್ರಷ್ಟಾಚಾರದ ತನಿಖೆ ಬೆನ್ನು ಹತ್ತಿದಾಗ ನಿಕರಾಗುವಾಕ್ಕೆ ಹೋಗಿ ಆಶ್ರಯ ಪಡೆದರು. ಹಫ್ತಾ ಮಾತ್ರ ಯಾರ ಕಾಲದಲ್ಲೂ ನಿಲ್ಲಲಿಲ್ಲ.

2019ರ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದ ನಯೀಬ್ ಬುಕೆಲೆಯ ಬೆಂಬಲಿಗ ಶಾಸಕರು 2021ರಲ್ಲಿ ಸಾಂವಿಧಾನಿಕ ಪೀಠದ ನ್ಯಾಯಮೂರ್ತಿಗಳನ್ನೇ ಕಿತ್ತುಹಾಕಿದರು. ಬುಕೆಲೆ ಸರ್ಕಾರ ಗ್ಯಾಂಗುಗಳ ಜೊತೆ ಗುಪ್ತ ಮಾತುಕತೆ ನಡೆಸಿದೆ ಎಂದು ಅದೇ ವರ್ಷ ಅಮೆರಿಕ ಸರ್ಕಾರ ಆರೋಪಿಸಿತು. 2022ರ ಮಾರ್ಚ್ 26ರಂದು ಒಂದೇ ದಿನ 62 ಕೊಲೆಗಳಾದವು, ಮರುದಿನವೇ ತುರ್ತು ಪರಿಸ್ಥಿತಿ ಬಂತು. ಆಮೇಲೆ 80 ಸಾವಿರಕ್ಕೂ ಹೆಚ್ಚು ಜನರ ಬಂಧನವಾಯಿತು. ಅಧಿಕೃತ ಲೆಕ್ಕದಲ್ಲಿ ಕೊಲೆಗಳ ಪ್ರಮಾಣ ಲಕ್ಷಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಸತತ ಎರಡನೇ ಅವಧಿಗೆ ಸಂವಿಧಾನದ ನಿಷೇಧವಿದ್ದರೂ, ಹೊಸ ನ್ಯಾಯಮೂರ್ತಿಗಳ ಒಪ್ಪಿಗೆಯಿಂದ 2024ರಲ್ಲಿ ಮತ್ತೆ ಸ್ಪರ್ಧಿಸಿದ ಬುಕೆಲೆಗೆ ಶೇ 84ಕ್ಕೂ ಹೆಚ್ಚು ಮತ ಬಿತ್ತು.

ಆ ಮತವನ್ನು ಮರುಳು ಎಂದು ತಳ್ಳಿಹಾಕಲು ನನಗೆ ಮನಸ್ಸಾಗದು. ಸಂಜೆ ಮಗ ಮನೆಗೆ ಬರುತ್ತಾನೋ ಇಲ್ಲವೋ ಎಂದು ಬಾಗಿಲು ಕಾಯುವ ತಾಯಿಗೆ ಅಧಿಕಾರ ವಿಭಜನೆಯ ತತ್ವಕ್ಕಿಂತ ಮಗನ ಜೀವ ದೊಡ್ಡದು. ನ್ಯಾಯಾಂಗದ ಸ್ವಾತಂತ್ರ್ಯ ಹಾಳಾಯಿತು ಎಂದು ಆಕೆಗೆ ಎಚ್ಚರಿಕೆ ಕೊಡುವವರು ಯಾರು? ತಮ್ಮ ಸರದಿಯಲ್ಲಿ ಖಜಾನೆ ದೋಚಿದ ಪಕ್ಷಗಳವರೇ. ಅವರ ಬಾಯಿಂದ ಬಂದಾಗ ನಿಜವಾದ ಟೀಕೆಯೂ ತೂಕ ಕಳೆದುಕೊಳ್ಳುತ್ತದೆ. ಆಗ ಹೊಸ ನಾಯಕನ ಒರಟುತನ ದೋಷವಾಗಿ ಕಾಣುವುದಿಲ್ಲ, ‘ಈತ ಅವರಂಥವನಲ್ಲ’ ಎಂಬುದಕ್ಕೆ ಸಾಕ್ಷಿಯಾಗಿಯೇ ಕಾಣುತ್ತದೆ.

ಆದರೆ ಈ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗುತ್ತದೆ, ಬೇರೆಯವರು ತೆರುವ ಬೆಲೆ. ಸಾನ್ ಸಾಲ್ವಡಾರ್ ಸಮೀಪದ ಮರಿಯೋನಾ ಜೈಲಿನ ಹೊರಗೆ ತಾಯಂದಿರು, ಹೆಂಡಂದಿರು ಬಟ್ಟೆ, ಆಹಾರದ ಪೊಟ್ಟಣ ಹಿಡಿದು ಸಾಲು ನಿಂತರು. ಬಂಧಿತರಲ್ಲಿ ಸಾವಿರಾರು ಜನರನ್ನು ಸರ್ಕಾರವೇ ಆಮೇಲೆ ಬಿಡಬೇಕಾಯಿತು. ನಿರಪರಾಧಿಯ ಮನೆಯವರಿಗೆ ಇದು ಬದುಕೇ ಮುರಿದ ಸಂಗತಿ. ಉಳಿದವರಿಗೆ ಅದು ಯಾರದೋ ಮನೆಯ ಸುದ್ದಿ.

ಈ ಕುರುಡುತನ ನಮಗೂ ಹೊಸದಲ್ಲ. ತುರ್ತು ಪರಿಸ್ಥಿತಿಯ ನಂತರ ನಡೆದ 1977ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ ಉತ್ತರಪ್ರದೇಶದ 85 ಸ್ಥಾನಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಕರ್ನಾಟಕದಲ್ಲಿ ಅದೇ ಪಕ್ಷಕ್ಕೆ 28ರಲ್ಲಿ 26 ಸ್ಥಾನ! ಬಲವಂತದ ಸಂತಾನಹರಣ ಚಿಕಿತ್ಸೆಯ ಭಯ ಉತ್ತರದ ಹಳ್ಳಿಗಳನ್ನು ನಡುಗಿಸಿದಷ್ಟು ಇಲ್ಲಿಯವನ್ನು ನಡುಗಿಸಿರಲಿಲ್ಲ. ದೇವರಾಜ ಅರಸರ ಆಡಳಿತದಲ್ಲಿ ಗೇಣಿದಾರರು ಭೂ ನ್ಯಾಯಮಂಡಳಿಗೆ ಡಿಕ್ಲರೇಷನ್ ಹಾಕಿ ಉಳುವ ಹೊಲಕ್ಕೆ ಒಡೆಯರಾಗುತ್ತಿದ್ದರು. ಅವರ ಮತ ಕೃತಜ್ಞತೆಯದು, ನ್ಯಾಯವಾದದ್ದೂ ಹೌದು. ಆದರೆ ಅದೇ ಅವಧಿಯಲ್ಲಿ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದ್ದ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯ ಬಂಧಿತರಾಗಿ, ಆಸ್ತಮಾದಿಂದ ನರಳುತ್ತ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಆ ಸಾವು ನಮ್ಮ ಮತದ ಲೆಕ್ಕಕ್ಕೆ ಬರಲೇ ಇಲ್ಲ. ಮರುವರ್ಷ ಚಿಕ್ಕಮಗಳೂರು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಇಂದಿರಾ ಅವರನ್ನು ಲೋಕಸಭೆಗೆ ಕಳಿಸಿತು.

ಬಿಟ್ಟುಹೋಗುವ ಇನ್ನೊಂದು ಬಾಬತ್ತು ನಾಳೆಯದು. ಇಂದು ಒಳ್ಳೆಯ ಕೆಲಸಕ್ಕೆಂದು ಒಬ್ಬನ ಕೈಗೆ ಕೊಟ್ಟ ಅಂಕೆಯಿಲ್ಲದ ಅಧಿಕಾರ, ಅವನು ಕೆಟ್ಟರೂ ಅವನ ಕೈಯಲ್ಲೇ ಉಳಿಯುತ್ತದೆ. 1977ರಲ್ಲಿ ಉತ್ತರದ ಮತದಾರರು ತಮ್ಮ ಸಿಟ್ಟನ್ನು ಮತಪೆಟ್ಟಿಗೆಯಲ್ಲಿ ತೋರಿಸಲು ಸಾಧ್ಯವಾದದ್ದು ಚುನಾವಣೆ ನಡೆದದ್ದರಿಂದ. ಮುಂದೆ 44ನೇ ತಿದ್ದುಪಡಿ ತುರ್ತು ಪರಿಸ್ಥಿತಿ ಹೇರುವುದನ್ನು ಕಷ್ಟವಾಗಿಸಿತು. ಎಲ್ ಸಾಲ್ವಡಾರ್ ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ: 2025ರ ಜುಲೈನಲ್ಲಿ ಅಲ್ಲಿನ ಶಾಸನಸಭೆ ಅಧ್ಯಕ್ಷರು ಎಷ್ಟು ಬಾರಿ ಬೇಕಾದರೂ ಸ್ಪರ್ಧಿಸಲು ಅವಕಾಶ ಕೊಟ್ಟು, ಅವಧಿಯನ್ನು ಆರು ವರ್ಷಕ್ಕೆ ಹಿಗ್ಗಿಸಿತು. ಇವತ್ತು ಮೆಚ್ಚಿ ಮತ ಹಾಕಿದವರು ನಾಳೆ ಬೇಡವೆಂದರೆ ಅವರ ಮಾತು ನಡೆಯುತ್ತದೆಯೇ?

ಹಾಗಾಗಿ ಪ್ರಜಾಪ್ರಭುತ್ವದ ಬಗ್ಗೆ ಕಾಳಜಿಯಿರುವವರು ಮತದಾರರನ್ನು ಬೈಯುವುದನ್ನು ಮೊದಲು ಬಿಡಬೇಕು. ಬೈಸಿಕೊಂಡವರು ನಾಯಕನಿಗೆ ಇನ್ನಷ್ಟು ಅಂಟಿಕೊಳ್ಳುತ್ತಾರೆ. ಠಾಣೆಯಲ್ಲಿ ಬಡವನ ದೂರು ದಾಖಲಾಗದೆ, ಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ ಬೀಳುತ್ತ ಮೊಕದ್ದಮೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯದಿದ್ದರೆ, ‘ಕಾನೂನಿನ ರೀತಿಯಲ್ಲೇ ಆಗಲಿ’ ಎಂಬ ಮಾತನ್ನು ಯಾರು ನಂಬುತ್ತಾರೆ? ಕಾನೂನಿನ ದಾರಿಯಲ್ಲೂ ಕೆಲಸವಾಗುತ್ತದೆ ಎಂಬುದನ್ನು ಆಳುವ ಸಜ್ಜನರು ಮಾಡಿ ತೋರಿಸಬೇಕು. ಮತದಾರರಾದ ನಾವೂ ಮತ ಹಾಕುವ ಮುನ್ನ ನನಗೇನು ಸಿಕ್ಕಿತು ಎಂದು ಕೇಳಿಕೊಳ್ಳುವುದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದರ ಬೆಲೆ ಯಾರು ತೆತ್ತರು? ಈತ ಬೇಡವಾದ ದಿನ ಇಳಿಸುವ ಅಧಿಕಾರ ನನ್ನ ಕೈಯಲ್ಲಿ ಉಳಿದಿರುತ್ತದೆಯೇ? ಈ ಎರಡಕ್ಕೂ ಸಮಾಧಾನದ ಉತ್ತರ ಸಿಗದಿದ್ದರೆ, ಎಷ್ಟೇ ಕೆಲಸ ಮಾಡಿದವನಿಗೂ ಆ ಮತ ಸಲ್ಲದು.